ಮುಂದಿನ ಆಕ್ಸಲ್ಲಿಗೆ ಕುಬಸದ ಅಳತೆ

ಭಾವನ ಪಿಕಪ್ಪಿನ ಮುಂದಿನ ಆಕ್ಸಲ್ ಕೈಕೊಟ್ಟಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಅದು ಕೆಡುತ್ತದೆಂದು ಗಾಡಿ ಮನೆಗೆ ಬಂದ ದಿನವೇ ಹೇಳಿದ್ದೆ. ಹಾಗೆ ನೋಡಿದರೆ ಅದರ ಬ್ರೇಕು, ಸ್ಟಿಯರಿಂಗು, ಹಿಂದಿನ ಹಲಗೆ, ಭಾವನ ಸೊಂಟ ಎಲ್ಲವೂ ಕೆಡುತ್ತವೆಂದು ಹೇಳಿದ್ದೆ. ಅಷ್ಟೊಂದು ಭವಿಷ್ಯ ನುಡಿಯುವವನದು ಒಂದಾದರೂ ಫಲಿಸಲೇಬೇಕಲ್ಲ. ಈಗ ಐವತ್ತರ ಹತ್ತಿರ ಬಂದರೂ ಈ ಗುಣ ಹೋಗಿಲ್ಲ; ಫಲಿಸುವ ಪ್ರಮಾಣವೂ ಹೆಚ್ಚಾಗಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನಾಗ ಪುಣೆಯಲ್ಲಿ ಅಕ್ಕನ ಮನೆಯಲ್ಲಿದ್ದು ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಭಾವ ಖಡಕಿಯ ಮಿಲಿಟರಿ ಲಿಲಾವಿನಲ್ಲಿ ಸವಾಲು ಕೂಗಿ ಈ ಹಳೆಯ ಪಿಕಪ್ಪನ್ನು ಹಿಡಿದಿದ್ದ. ನಾಲ್ಕೂ ಗಾಲಿ ಎಳೆಯುವ ಗಾಡಿ. ತಳೇಗಾಂವದ ಆಚೆ ಗುಡ್ಡದ ವಾಡಿಗಳಿಂದ ಹಾಲಿನ ಕ್ಯಾನು ತುಂಬಿಕೊಂಡು ಬಂದು ಶಹರದ ಡೇರಿಗೆ ಹಾಕುವುದು ಅವನ ಕೆಲಸ. ಮಳೆಗಾಲದಲ್ಲಿ ಕೊನೆಯ ಏರು ಬರೀ ಕೆಂಪು ರಾಡಿ; ಮುಂದಿನ ಗಾಲಿಗಳೂ ಎಳೆದರೆ ಮಾತ್ರ ಮೇಲೆ ಹತ್ತುವುದು ಸಾಧ್ಯ. ಆ ಆಷಾಢದಲ್ಲಿ ಮುಂದಿನ ಆಕ್ಸಲ್ಲಿನ ನಡುವಿನ ಗುಂಡು ಡಬ್ಬಿಯೊಳಗೆ ಗೇರಿನ ಹಲ್ಲುಗಳು ಉದುರಿದವು. ಭಾವ ಆಯಿಲ್ ಇಳಿಸಿದರೆ ಅದರ ಜೊತೆ ಹಲ್ಲುಗಳೂ ದಾಳಿಂಬೆ ಬೀಜದಂತೆ ಬಿದ್ದವು. ಡೇರಿಯವರು ಖಡಾಖಂಡಿತ ಹೇಳಿಬಿಟ್ಟರು: ಸೋಮವಾರದಿಂದ ಹಾಲು ಬರದಿದ್ದರೆ ಆ ದಾರಿ ಇನ್ನೊಬ್ಬರ ಪಾಲು. ಆ ದಾರಿ ಹೋದರೆ ಭಾವನಿಗೆ ಬೇರೆ ಉದ್ಯೋಗವಿರಲಿಲ್ಲ.

ಹೊಸ ಭಾಗ ಎಲ್ಲೂ ಸಿಗದು. ಜೂನಾ ಬಜಾರದ ಗುಜರಿಯಲ್ಲಿ ಅದೇ ಜಾತಿಯ ಹಳೆಯ ಆಕ್ಸಲ್ ಹುಡುಕಬೇಕು. ಆದರೆ ಯಾವ ಜಾತಿ? ಇಂಥ ಗಾಡಿಗಳಿಗೆ ಯಾವ ಯಾವ ವರ್ಕ್‌ಶಾಪಿನಲ್ಲಿ ಕೈಗೆ ಸಿಕ್ಕ ಯಾವ ಯಾವ ಆಕ್ಸಲ್ ಕೂಡಿಸಿರುತ್ತಾರೋ, ಬಾನೆಟ್ಟಿನ ಮೇಲಿನ ಹೆಸರು ನಂಬುವ ಹಾಗಿಲ್ಲ. ಆಕ್ಸಲ್ಲಿನ ಮೇಲೆಯೇ ಹೊಡೆದ ನಂಬರೊಂದೇ ಗುರುತು.

“ನಂಬರ ಎಲ್ಲೈತ್ರೀ?” ಎಂದು ಅಕ್ಕ ಗಾಡಿಯ ಕೆಳಗೆ ಬಗ್ಗಿ ಕೇಳಿದಳು.

ಭಾವ ಕಿವಿ ತುರಿಸಿಕೊಂಡ. ಪ್ರತಿ ಖಂಡೇನವಮಿಗೂ ಅವನು ಗಾಡಿಯನ್ನು ಮೇಲಿಂದ ಕೆಳಗಿನತನಕ ತೊಳೆದು, ಆಕ್ಸಲ್ಲಿಗೆ ಬೆಳ್ಳಿ ಬಣ್ಣ ಹೊಡೆದು, ಅರಿಷಿಣ ಕುಂಕುಮ ಏರಿಸುವವನು.

“ಅಲ್ಲೇನೋ ಖರಬರ ಇತ್ತು. ಬಣ್ಣ ಸರಿ ಕೂಡವಲ್ದಾಗಿತ್ತು. ಕಬ್ಬಿಣ ತಿಕ್ಕೋ ಅರಾ ಹಾಕಿ ತಿಕ್ಕಿದೆ.”

“ಭಾಳ ಚಂದ ಮಾಡೀರಿ! ಪೂಜಾ ಮಾಡೋ ಮೊದಲ ದೇವರ ಮೂಗ ತಿಕ್ಕಿ ಸಪಾಟ ಮಾಡೀರಿ.”

ಅಕ್ಕ ಓಣಿಯ ಅರ್ಧ ಹೆಂಗಸರಿಗೆ ಕುಬಸ ಹೊಲಿಯುತ್ತಿದ್ದಳು. ತನಗಿಂತ ಚಲೋ ಹೊಲಿಯುವವರು ಪುಣೆಯಲ್ಲಿ ಇಲ್ಲವೆಂದು ದಿನಕ್ಕೊಮ್ಮೆಯಾದರೂ ಹೇಳಿಕೊಳ್ಳುವಳು. ಗಿರಾಕಿಗಳು ಬಾಯಿಂದ ಹೇಳುವ ಅಳತೆಯನ್ನು ಅವಳು ಎಂದೂ ನಂಬಿದವಳಲ್ಲ. ಕಾಗದ ಕತ್ತರಿಸಿ ಮೈಮೇಲೆ ಇಟ್ಟು ನೋಡಿದರೇ ಅವಳಿಗೆ ಸಮಾಧಾನ. ಈಗ ಸೀರೆಯ ಕಚ್ಚೆ ಬಿಗಿದು, ಗೋಣಿತಟ್ಟಿನ ಮೇಲೆ ಅಂಗಾತ ಮಲಗಿ ಗಾಡಿಯ ಕೆಳಗೆ ಸರಿದಳು. ನಾನು ಜ್ಯಾಕು ಜಾರುತ್ತದೆಂದು ಅದನ್ನೇ ದಿಟ್ಟಿಸುತ್ತ ನಿಂತೆ. ನನ್ನ ನೋಟದ ಬಲದಿಂದಲೇ ಅದು ನಿಂತಿದೆ ಎಂಬ ಹಾಗೆ.

ಗುಂಡು ಡಬ್ಬಿಯ ಮುಚ್ಚಳದ ಮೇಲೆ ಹಳೆಯ ಪೇಪರು ಒತ್ತಿಹಿಡಿದು ಅಕ್ಕ ಇದ್ದಿಲಿನಿಂದ ತಿಕ್ಕಿದಳು. ಮುಚ್ಚಳದ ಅಂಚು, ಸುತ್ತಲಿನ ಬೋಲ್ಟುಗಳು ಒಂದೊಂದಾಗಿ ಕಪ್ಪಗೆ ಮೂಡಿದವು. ಡಬ್ಬಿಯ ಉಬ್ಬು ಯಾವ ಕಡೆಗೆ ಸರಿದಿದೆ ಎಂಬುದಕ್ಕೆ ಒಂದು ಬಾಣ ಹಾಕಿದಳು. ಸ್ಪ್ರಿಂಗ್ ಕೂಡುವ ಜಾಗಗಳ ನಡುವಿನ ಅಂತರವನ್ನು ತನ್ನ ಟೇಪಿನಿಂದಲೇ ಅಳೆದಳು. ಹೊರಗೆ ಬಂದು ಕತ್ತರಿ ಆಡಿಸಿದಾಗ ಅವಳ ಕೈಯಲ್ಲಿ ನಮ್ಮ ಆಕ್ಸಲ್ಲಿನ ಮುಖ ಇತ್ತು. ನಾನು ಅದಕ್ಕಿಂತ ಸುಂದರವಾದ ಚಿತ್ರ ಆವರೆಗೆ ನೋಡಿರಲಿಲ್ಲ.

ಎಂಜಿನ್ನಿನ ಕಡೆಯಿಂದ ಮುಂದಿನ ಆಕ್ಸಲ್ಲಿಗೆ ಹೋಗುವ ಶಾಫ್ಟು ಬಿಚ್ಚಿಟ್ಟು, ಹಿಂದಿನ ಗಾಲಿಗಳ ಮೇಲೆಯೇ ಗಾಡಿ ಓಡಿಸಿಕೊಂಡು ರವಿವಾರ ಜೂನಾ ಬಜಾರಕ್ಕೆ ಹೋದೆವು. ಗುಜರಿಯವನ ರಾಶಿಯಲ್ಲಿ ಅಕ್ಕ ಒಂದೊಂದೇ ಆಕ್ಸಲ್ಲಿಗೆ ಕಾಗದ ಹಚ್ಚಿ ನೋಡತೊಡಗಿದಳು.

“ಕಾಯ್ ತಾಈ, ಗಾಡೀಲಾ ಝಂಪರ್ ಶಿವ್ತಾ ಕಾ?” ಎಂದು ಅವನು ನಕ್ಕ. ಸುತ್ತಲಿನವರೂ ನಕ್ಕರು.

ಹೌದು, ಗಾಡಿಗೆ ಕುಬಸವನ್ನೇ ಹೊಲಿಯುವುದು, ನಿನ್ನ ಬಾಯಿಗೂ ಒಂದೆರಡು ಹೊಲಿಗೆ ಹಾಕಲೇ ಎಂದು ಅಕ್ಕ ಅವನದೇ ಮರಾಠಿಯಲ್ಲಿ ಕೇಳಿದಳು. ಆಮೇಲೆ ಅವನೇ ರಾಶಿ ಸರಿಸಿಕೊಡತೊಡಗಿದ.

ಒಂದರ ಬೋಲ್ಟುಗಳು ಕೂಡಲಿಲ್ಲ. ಒಂದರ ಉಬ್ಬು ಆಚೆ ಕಡೆಗಿತ್ತು. ಮತ್ತೊಂದಕ್ಕೆ ಕಾಗದ ಅಂಚಿಗೆ ಅಂಚು ಕೂತಿತು. ಟೇಪಿನ ಅಳತೆಯೂ ಸರಿಹೋಯಿತು. ಭಾವ ಅದನ್ನು ತಬ್ಬಿಕೊಳ್ಳುವುದೊಂದೇ ಬಾಕಿ. ಆಗ ನಾನು ಅದರ ಗುಂಡು ಡಬ್ಬಿಯನ್ನು ಬೆರಳಿನಿಂದ ಬಡಿದು ನೋಡಿದೆ.

“ಹೊರಗಿಂದು ಕೂಡ್ತು ಖರೆ. ಒಳಗಿಂದು?”

“ಬಂತ ನೋಡ್ರಿ ಶಕುನದ ಹಕ್ಕಿ!” ಎಂದ ಭಾವ.

ಅಕ್ಕ ಮಾತ್ರ ನನ್ನತ್ತ ತಿರುಗಿದಳು. “ಒಳಗಿಂದು ಅಂದ್ರ?”

ನಿದ್ದೆಗೆಟ್ಟ ಆ ವಾರವೆಲ್ಲ ಸಿಕ್ಕಸಿಕ್ಕ ಡ್ರೈವರುಗಳನ್ನು ಕೇಳಿ ತಿಳಿದದ್ದನ್ನು ಹೇಳಿದೆ. ಮುಂದಿನ ಗೇರು, ಹಿಂದಿನ ಗೇರು ಒಂದೇ ಲೆಕ್ಕದಲ್ಲಿ ಸುತ್ತಬೇಕು. ಇಲ್ಲದಿದ್ದರೆ ಏರಿನಲ್ಲಿ ಒಂದನ್ನೊಂದು ಜಗ್ಗಾಡಿ ಎರಡೂ ಮುರಿಯುತ್ತವೆ. “ಎತ್ತು ಏರಿಗೆಳೆದರ ಕೋಣ ನೀರಿಗೆಳೀತಂತ, ಹಂಗ.”

ಅಕ್ಕ ಕಾಗದ ಕೆಳಗಿಳಿಸಿದಳು. “ಹೌದೋ, ಖರೆ ಅದ. ಕುಬಸಾ ಮೈಗೆ ಕೂತರ ಸಾಲದು, ಕೈ ಎತ್ತಿದಾಗ ಹರೀಬಾರದು.” ಭಾವನಿಗೆ ಹೇಳಿದಳು: “ಜ್ಯಾಕ ತಗೀರಿ.”

ಗಾಡಿಯ ಹಿಂದಿನ ಒಂದು ಗಾಲಿ ಎತ್ತಿದೆವು. ಇನ್ನೊಂದು ನೆಲದ ಮೇಲೆಯೇ ಕಲ್ಲು ಕೊಟ್ಟು ನಿಂತಿತು. ಗಾಲಿಗೂ ಹಿಂದಿನ ಶಾಫ್ಟಿಗೂ ಸೀಮೆಸುಣ್ಣದ ಗೆರೆ ಎಳೆದು, ಭಾವ ಗಾಲಿಯನ್ನು ಎರಡು ಸುತ್ತು ತಿರುಗಿಸಿದ. ಶಾಫ್ಟು ಐದಕ್ಕೆ ತುಸು ಕಡಿಮೆ ಸುತ್ತಿತು. ಗುಜರಿಯ ಆಕ್ಸಲ್ಲಿನ ಒಂದು ತುದಿಯನ್ನು ನಾನು ಬಿಗಿ ಹಿಡಿದೆ, ಇನ್ನೊಂದನ್ನು ಭಾವ ಹಾಗೆಯೇ ತಿರುಗಿಸಿದ. ಶಾಫ್ಟು ಕೂಡುವ ಅದರ ಮೂತಿ ಐದು ಸುತ್ತು ದಾಟಿ ಮುಂದೆ ಹೋಯಿತು.

ನನ್ನ ಅಂಜಿಕೆ ನಿಜವಾದದ್ದಕ್ಕೆ ನನಗೇ ಅಂಜಿಕೆಯಾಯಿತು. ಇದೂ ಅಲ್ಲದಿದ್ದರೆ ನಾಳೆ ದಾರಿ ಹೋದ ಹಾಗೆಯೇ. ಅಕ್ಕ ಮಾತ್ರ ಕಾಗದ ಝಾಡಿಸಿ ಮತ್ತೆ ರಾಶಿಯತ್ತ ಹೋದಳು. ಅದರ ಹಿಂದೆ, ಹರಿದ ತಾಡಪತ್ರಿಯ ಕೆಳಗೆ, ಅದೇ ಮುಖದ ಇನ್ನೊಂದಿತ್ತು. ಅದನ್ನು ತಿರುಗಿಸಿದಾಗ ಗೆರೆ ಐದರ ಹತ್ತಿರ ಬಂದು, ತುಸು ಈಚೆಗೇ ನಿಂತಿತು.

“ಇದಾ,” ಎಂದಳು ಅಕ್ಕ. ಮೊದಲು ನಕ್ಕಿದ್ದ ಗುಜರಿಯವನು ಆ ಕಾಗದ ತನಗೆ ಕೊಡುವಿರಾ ಎಂದು ಕೇಳಿದ. ಕೊಡಲಿಲ್ಲ.

ರಾತ್ರಿಯೆಲ್ಲ ಕೂತು ಅದನ್ನು ಗಾಡಿಗೆ ಕೂಡಿಸಿ, ಸೋಮವಾರ ಬೆಳಿಗ್ಗೆ ಮೂವರೂ ಗಾಡಿಯಲ್ಲಿದ್ದೆವು. ನಾನೇಕೆ ರಜೆ ಹಾಕಿ ಹೋದೆನೋ. ಬಹುಶಃ ಗಾಡಿ ಜಾರಿದರೆ ಹಿಡಿಯಲು. ಏರಿನ ಬುಡದಲ್ಲಿ ಭಾವ ಸಣ್ಣ ಲಿವರ್ ಎಳೆದ. ಮುಂದಿನ ಗಾಲಿಗಳು ರಾಡಿಯನ್ನು ಕಚ್ಚಿದವು. ಕಿವಿಯನ್ನೆಲ್ಲ ಕಾಲಕೆಳಗಿನ ಆಕ್ಸಲ್ಲಿಗೆ ಇಟ್ಟು ನಾನು ಮುರಿಯುವ ಸಪ್ಪಳಕ್ಕೆ ಕಾಯ್ದೆ. ಕೇಳಿದ್ದು ಹಿಂದಿನ ಖಾಲಿ ಕ್ಯಾನುಗಳ ಗಲಗಲ ಅಷ್ಟೇ. ಮೇಲೆ ಮಳೆಯಲ್ಲಿ, ಗೊಂಗಡಿ ಹೊದ್ದವರು ಹಾಲಿನ ಗಡಿಗೆ ಇಟ್ಟುಕೊಂಡು ನಿಂತದ್ದು ಕಾಣತೊಡಗಿತು.

ಅಕ್ಕ ನನ್ನತ್ತ ತಿರುಗದೆಯೇ ಹೇಳಿದಳು: “ಉಸಿರ ಬಿಡೋ ತಮ್ಮಾ, ಗಾಡಿಗೆ ಭಾರ ಆಗ್ಲಿಕ್ಕತ್ತದ.”