ಹಣಮವ್ವ ರೊಟ್ಟಿ ಬಡಿಯದ ಸಂಜೆ

ಕೊಳಕೂರಿನ ಹಣಮವ್ವ ಪಂಢರಪುರಕ್ಕೆ ನಡೆಯತೊಡಗಿ ಅದು ಹನ್ನೊಂದನೆಯ ವರ್ಷ. ಅತ್ತೆ ಬದುಕಿರುವ ತನಕ ಅತ್ತೆಯೇ ಹೋಗುತ್ತಿದ್ದಳು. ಸಾಯುವ ಮುಂದೆ ತನ್ನ ಕೊರಳಿನ ತುಳಸಿಮಾಲೆ ತೆಗೆದು ಸೊಸೆಗೆ ಹಾಕಿ, "ದಿಂಡಿ ಬಿಡಬ್ಯಾಡವ್ವ" ಎಂದಷ್ಟೇ ಹೇಳಿದಳು. ಅಂದಿನಿಂದ ಪ್ರತಿ ಆಷಾಢಕ್ಕೆ ಗಂಡ ಸೈದಪ್ಪ ಹೊಲದ ಕೆಲಸಕ್ಕೆ ನಿಂತರೆ, ಹಣಮವ್ವ ಒಂದು ಸೀರೆ, ಒಂದು ಕೌದಿ ಗಂಟು ಕಟ್ಟಿಕೊಂಡು ಹೊರಡುತ್ತಿದ್ದಳು.

ವಿಠ್ಠಲನ ಭಜನೆ ಹಾಡುತ್ತ ನಡೆಯುವ ಆ ದಿಂಡಿ ದೊಡ್ಡದೇನಲ್ಲ. ಇಪ್ಪತ್ತೆರಡು ಮಂದಿ. ಮುಂದೆ ವೀಣೆ ಹಿಡಿದ, ದಿಂಡಿಯ ಹಿರಿಯರಾದ ದತ್ತಾತ್ರೇಯ ಮಹಾರಾಜರು, ಅವರ ಹಿಂದೆ ತುಳಸಿಯ ಕುಂಡವನ್ನು ತಲೆಯ ಮೇಲೆ ಹೊತ್ತ ತುಳಸಾಬಾಯಿ, ಆಮೇಲೆ ತಾಳದವರು. ಹಿಟ್ಟು, ಬೇಳೆ, ರೊಟ್ಟಿ ಬೇಯಿಸುವ ಹಂಚು, ಹಾಸಿಗೆ ಹೇರಿದ ಎತ್ತಿನ ಬಂಡಿಯೊಂದು. ಹೆಂಗಸರು ಐದೇ ಜನ, ಅವರಲ್ಲಿ ಇಬ್ಬರು ತೀರ ಮುದುಕಿಯರು. ಮೊದಲ ವರ್ಷ ಹಣಮವ್ವ ಬಡಿದ ತೆಳ್ಳನೆಯ ರೊಟ್ಟಿ ತಿಂದು ಎಲ್ಲರೂ ಹೊಗಳಿದರು. ಹೊಗಳಿದ ಮೇಲೆ ಆ ಕೆಲಸ ಅವಳದೇ ಆಗಿಹೋಯಿತು. ಮುಕ್ಕಾಮಿಗೆ ಬಂದವರು ಕಾಲು ತೊಳೆದು ಭಜನೆಗೆ ಕೂತರೆ, ಹಣಮವ್ವ ಮೂರು ಕಲ್ಲು ಹೂಡಿ ಒಲೆ ಹಚ್ಚುತ್ತಿದ್ದಳು. ಪಂಢರಪುರ ಮುಟ್ಟಿದ ಮೇಲೂ ಅಷ್ಟೇ. ಏಕಾದಶಿಯ ಉಪವಾಸದಲ್ಲೇ ಸಾಲಿನಲ್ಲಿ ನಿಂತು ದರ್ಶನ ಮಾಡಿದವರು ಮರುದಿನ ಹಸಿದು ಬರುತ್ತಿದ್ದರು. ಅಷ್ಟರೊಳಗೆ ಅಡುಗೆ ಆಗಿರಬೇಕು. ಹೀಗಾಗಿ ಹತ್ತು ವರ್ಷವೂ ಅವಳು ದೂರದಿಂದ ಶಿಖರಕ್ಕೆ ಕೈ ಮುಗಿದು ಬಂದವಳೇ. ಹಿಟ್ಟು ನಾದಿಕೊಡಲು, ಪಲ್ಯ ಮಾಡಲು ಗೆಳತಿ ನಿಂಬೆವ್ವ ಇರುತ್ತಿದ್ದಳು. ಎಂಬತ್ತನಾಲ್ಕನೇ ಇಸವಿಯ ಆ ಹನ್ನೊಂದನೆಯ ವರ್ಷ ಮಗಳ ಹೆರಿಗೆಯೆಂದು ನಿಂಬೆವ್ವ ಬರಲಿಲ್ಲ.

ಅಂದು ನಸುಕಿನಲ್ಲಿ ಚೌಡಾಪುರ ಬಿಟ್ಟರು. ಸಂಜೆಗೆ ಅತನೂರು ಮುಟ್ಟಬೇಕು. ಹಿಂದಿನ ದಿನ ಮಳೆ ಹೊಡೆದಿತ್ತು. ಬಂಡಿ ಡಾಂಬರು ರಸ್ತೆ ಹಿಡಿಯಿತು. ಹೊಲದ ದಾರಿ ಹತ್ತಿರವೆಂದು ಮಹಾರಾಜರು ದಿಂಡಿಯನ್ನು ಅಡ್ಡದಾರಿಗೆ ತಿರುಗಿಸಿದರು. ಎರೆ ಮಣ್ಣು ಹೆಜ್ಜೆಹೆಜ್ಜೆಗೂ ಕಾಲಿಗೆ ಮೆತ್ತಿಕೊಂಡು ಕಲ್ಲಿನಷ್ಟು ಭಾರವಾಯಿತು. ಚಪ್ಪಲಿ ಕೈಯಲ್ಲಿ ಹಿಡಿದು ನಡೆದರು. ಹಣಮವ್ವನ ಹಿಮ್ಮಡಿಯಲ್ಲಿ ಮೊದಲೇ ಬಿರುಕಿತ್ತು. ಅದರೊಳಗೆ ಹೊಕ್ಕ ಮಣ್ಣು ಬಿಸಿಲಿಗೆ ಒಣಗಿ ಗಾಯವನ್ನು ಇನ್ನಷ್ಟು ಸೀಳಿತು. ಮಧ್ಯಾಹ್ನದ ಹೊತ್ತಿಗೆ ರಕ್ತ ಬಂತು. ಸೀರೆಯ ಅಂಚು ಹರಿದು ಕಟ್ಟಿಕೊಂಡಳು. ಅಭಂಗ ಹೇಳುವವರ ಜೊತೆ ಬಾಯಿ ಆಡಿಸುತ್ತಿದ್ದಳೇ ಹೊರತು ದನಿ ಹೊರಡಲಿಲ್ಲ. ಅವಳ ತಲೆಯಲ್ಲಿ ಒಂದೇ ಲೆಕ್ಕ: ಮಂದಿಗೆ ಮೂರರಂತೆ ಹಿಡಿದರೂ ಅರವತ್ತಾರು ರೊಟ್ಟಿ.

ಅತನೂರಿನ ಶಾಲೆಯ ಪಡಸಾಲೆಯಲ್ಲಿ ಮುಕ್ಕಾಮು. ಬಂಡಿ ಮೊದಲೇ ಬಂದಿತ್ತು. ಹಿಟ್ಟಿನ ಚೀಲ, ಹಂಚು, ಕಟ್ಟಿಗೆ ಎಲ್ಲ ಇಳಿಸಿಟ್ಟಿದ್ದರು. ಹಣಮವ್ವ ಚೀಲದ ಪಕ್ಕ ಗೋಡೆಗೆ ಒರಗಿ ಕಾಲು ಚಾಚಿ ಕೂತಳು. ಕೂತವಳು ಏಳಲಿಲ್ಲ. ಒಳಗೆ ತಾಳದ ಸಪ್ಪಳ ಶುರುವಾಗಿ, ನಾಲ್ಕು ಅಭಂಗ ಮುಗಿದವು. ಹೊರಗೆ ಹೊಗೆಯ ಸುಳಿವೇ ಇಲ್ಲದ್ದು ಕಂಡು ಮಹಾರಾಜರು ವೀಣೆ ಹಿಡಿದೇ ಎದ್ದು ಬಂದರು.

"ಹಣಮವ್ವ, ಇನ್ನಾ ಒಲಿ ಹಚ್ಚಿಲ್ಲೇನು?"

"ಇಲ್ರಿ."

"ಯಾಕ ಬೇ? ಸಾಮಾನ ಇಳಿಸ್ಯಾರಲ್ಲ."

"ಇಳಿಸ್ಯಾರ್ರಿ. ಇವತ್ತ ನನ್ನ ಕೈಲೆ ಆಗಂಗಿಲ್ಲ."

"ಮಂದಿ ಹಸದು ಕುಂತಾರವ್ವ. ವಿಠ್ಠಲನ ಸೇವಾ ಅಂತ ತಿಳ್ಕೊಂಡು ಏಳು."

"ನಾನೂ ನಡದೇನ್ರಿ ಮಹಾರಾಜ್ರ. ನೀವು ನಡದಷ್ಟೇ ನಡದೇನಿ."

ಸಿಟ್ಟಿನಿಂದ ಹೇಳಿದ ಮಾತಲ್ಲ. ಇವತ್ತು ಕೆಸರು ಬಹಳ ಇತ್ತು ಎಂದ ಹಾಗೆ ಹೇಳಿದಳು. ಆಗಲೇ ಮಹಾರಾಜರ ಕಣ್ಣು ಅವಳ ಹಿಮ್ಮಡಿಗೆ ಕಟ್ಟಿದ, ಕೆಂಪಾಗಿದ್ದ ಬಟ್ಟೆಯ ಮೇಲೆ ಬಿತ್ತು.

ಅಷ್ಟರಲ್ಲಿ ತುಳಸಾಬಾಯಿ ಬಂದಳು. ಆಳಂದದ ಮಾಸ್ತರರ ಹೆಂಡತಿ, ಮನೆಯಲ್ಲಿ ದಿನವೂ ಚಪಾತಿ ಮಾಡುವವಳು. ಸೆರಗು ಸೊಂಟಕ್ಕೆ ಸಿಗಿಸಿಕೊಂಡು, "ನಂಗ ರೊಟ್ಟಿ ಬಡಿಯಾಕ ಸರಿಯಾಗಿ ಬರಂಗಿಲ್ಲ. ನೀ ಕುಂತಲ್ಲೇ ಹೇಳ್ಕೋತ ಹೋಗು, ನಾ ಮಾಡ್ತೇನಿ" ಎಂದಳು.

"ಹೇಳೂದೂ ಆಗಂಗಿಲ್ರಿ ಬಾಯಾರ," ಎಂದು ಹಣಮವ್ವ ಅಲ್ಲೇ ಮಗ್ಗುಲಾದಳು.

ತಾಳದ ಬೀರಲಿಂಗಪ್ಪ ಒಲೆ ಹಚ್ಚಿದ. ಮಹಾರಾಜರು ವೀಣೆಯನ್ನು ಇನ್ನೊಬ್ಬರ ಕೈಗೆ ಕೊಟ್ಟು, ತಾವೇ ಹಿಟ್ಟು ನಾದಲು ಕೂತರು. ನೀರು ಹೆಚ್ಚಾಯಿತು. ಮತ್ತೆ ಹಿಟ್ಟು ಸುರಿದರು, ಗಂಟುಗಂಟಾಯಿತು. ಹಣಮವ್ವ ಕಣ್ಣು ಮುಚ್ಚಿಕೊಂಡೇ ಎಲ್ಲ ಕೇಳುತ್ತಿದ್ದಳು. ತುಳಸಾಬಾಯಿಯ ಕೈಯ ಪೆಟ್ಟು ಒಮ್ಮೆ ಜೋರು, ಒಮ್ಮೆ ಮೆಲ್ಲಗೆ. ರೊಟ್ಟಿ ಹರಿಯುತ್ತಿದೆಯೆಂದು ಸಪ್ಪಳದಲ್ಲೇ ತಿಳಿಯಿತು. ಎದ್ದು ಹೋಗಿ ಹಿಟ್ಟು ಕಸಿದುಕೊಳ್ಳೋಣವೆಂದು ಎರಡು ಸಲ ಅನಿಸಿತು. ಮೈ ಮಾತು ಕೇಳಲಿಲ್ಲ. ಹಾಗೆಯೇ ನಿದ್ದೆ ಹತ್ತಿತು.

ತುಳಸಾಬಾಯಿ ಎಬ್ಬಿಸಿದಾಗ ಎದುರಿಗೆ ತಾಟು ಇತ್ತು. ದಪ್ಪನೆಯ ರೊಟ್ಟಿ, ಅಂಚು ಕರಕಲು. ಮೇಲೆ ನೀರುಬೇಳೆ. ಎಲ್ಲರೂ ಸಾಲಾಗಿ ಕೂತು ಉಣ್ಣುತ್ತಿದ್ದರು. ಅವಳೂ ಅವರ ಜೊತೆಗೇ ಒಂದು ತುತ್ತು ಮುರಿದಳು.

"ಹೆಂಗದ?" ತುಳಸಾಬಾಯಿ ಕೇಳಿದಳು.

"ನಡುವ ಹಸಿ ಅದ್ರಿ."

ತುಳಸಾಬಾಯಿ ನಕ್ಕಳು. ಹಣಮವ್ವ ಆ ರೊಟ್ಟಿ ಪೂರ್ತಿ ತಿಂದು ಇನ್ನರ್ಧ ಕೇಳಿ ಹಾಕಿಸಿಕೊಂಡಳು.

ಮರುದಿನ ಹೊರಡುವ ಮುಂದೆ ಮಹಾರಾಜರು ಅಡುಗೆಗೆ ಪಾಳಿ ಹಚ್ಚಿದರು, ಗಂಡಸರಿಗೂ. ಕೆಲವರು ಗೊಣಗಿದರು. ಪಾಳಿಯೂ ಎರಡು ವರ್ಷ ನಡೆದು, ಆಮೇಲೆ ಸಡಿಲಾಯಿತು. ಹಣಮವ್ವ ಮಾತ್ರ ಆ ಸಲ ಕುಂಟುತ್ತಲೇ ಪಂಢರಪುರ ಮುಟ್ಟಿ, ಒಂದು ಹಗಲು ಒಂದು ರಾತ್ರಿ ಸಾಲಿನಲ್ಲಿ ನಿಂತಳು. ವಿಠ್ಠಲನ ಪಾದದ ಮೇಲೆ ತಲೆ ಇಟ್ಟದ್ದೇ ತಡ, ಪೂಜಾರಿ ಭುಜ ಹಿಡಿದು ಮುಂದೆ ದೂಡಿದ.

ಊರಿಗೆ ಬಂದಾಗ ಸೈದಪ್ಪ ಕೇಳಿದ, "ಕಡೀಗೂ ದರ್ಶನ ಆತಲ್ಲ. ಏನ ಬೇಡ್ಕೊಂಡಿ?"

"ಏನೂ ನೆನಪಾಗಲಿಲ್ಲ," ಎಂದಳು ಹಣಮವ್ವ. "ಕಲ್ಲು ತಂಪಿತ್ತು. ಇಲ್ಲೇ ಒಂದೀಟು ಕುಂದರಲೇನಪ್ಪಾ ಅಂತ ಕೇಳ್ದೆ."