ಪಿತೃಪಕ್ಷದಲ್ಲಿ ಬಂದ ಗಣಿತ

ಕಾಶಿಯಲ್ಲಿ ಹುಟ್ಟಿ ಬೆಳೆದವರಿಗೆ ಒಂದು ಅನನುಕೂಲವಿದೆ. ಪಾಪ ಮಾಡಿದರೆ ತೊಳೆದುಕೊಂಡು ಬರಲು ನಮಗೆ ಬೇರೆ ಊರಿಲ್ಲ. ದಾವಣಗೆರೆಯವರು ಬರುತ್ತಾರೆ, ಹಾಸನದವರು ಬರುತ್ತಾರೆ, ಮೂರು ಮುಳುಗು ಹಾಕಿ ಹಗುರಾಗಿ ಕಂಟೋನ್ಮೆಂಟಿನ ಸ್ಟೇಷನ್ ದಾರಿ ಹಿಡಿಯುತ್ತಾರೆ. ನಾನು ಅದೇ ಗಂಗೆಯಲ್ಲಿ ದಿನಾ ಬೆಳಿಗ್ಗೆ ಮುಳುಗಿ ಏಳುತ್ತೇನೆ. ಹೋದ ವರ್ಷ ಮಾಡಿದ ತಪ್ಪೂ ನನ್ನ ಜೊತೆಯಲ್ಲೇ ಮುಳುಗಿ ಜೊತೆಯಲ್ಲೇ ಏಳುತ್ತದೆ. ದಿನಾ ನೋಡುವ ಮುಖವೆಂದು ಗಂಗೆಗೂ ಸಲಿಗೆ ಇರಬೇಕು. ಅದಕ್ಕೇ ಇಲ್ಲಿ ಬರೆದುಬಿಡುತ್ತೇನೆ. ಕ್ಷಮಿಸಿ ಎಂದು ಕೇಳುತ್ತೇನೆಂದು ಕಾಯಬೇಡಿ. ಅದು ನನ್ನ ಜಾಯಮಾನದಲ್ಲಿಲ್ಲ ಎಂದು ನಮ್ಮ ಚಿಕ್ಕಪ್ಪ ಆಗಲೇ ಗಲ್ಲಿಗೆಲ್ಲ ಹೇಳಿಯಾಗಿದೆ.

ಯಾತ್ರಿಕರಿಗೆ ಇನ್ನೊಂದು ಕಟ್ಟಳೆಯೂ ಇದೆ. ಕಾಶಿಗೆ ಬಂದವರು ತಮಗೆ ಪ್ರಿಯವಾದ ಒಂದು ಹಣ್ಣು, ಒಂದು ತರಕಾರಿಯನ್ನು ಇಲ್ಲೇ ಬಿಟ್ಟುಹೋಗಬೇಕು, ಮತ್ತೆಂದೂ ತಿನ್ನಬಾರದು. ಅಪ್ಪ ಇಲ್ಲಿ ದಕ್ಷಿಣದ ಯಾತ್ರಿಕರಿಗೆ ಶ್ರಾದ್ಧ, ತರ್ಪಣ ಮಾಡಿಸುತ್ತಾರೆ. ಅವರ ಊಟ ನಮ್ಮ ಮನೆಯಲ್ಲಿ, ಅಡಿಗೆ ನನ್ನದು. ಆದ್ದರಿಂದ ಯಾರು ಏನು ಬಿಟ್ಟರೆಂಬುದು ಎಲೆಯ ಮುಂದೆ ನನಗೆ ತಿಳಿಯುತ್ತದೆ. ಮಾವಿನಹಣ್ಣು ಬಿಟ್ಟವರನ್ನು ನಾನು ಈವರೆಗೆ ಕಂಡಿಲ್ಲ. ಹಾಗಲಕಾಯಿ ಬಿಟ್ಟವರು ಮಾತ್ರ ಹಿಂಡು ಹಿಂಡು. ಬಾಳೆಹಣ್ಣು ಬಿಟ್ಟ ಒಬ್ಬರು ಮರುದಿನವೇ, ಏಲಕ್ಕಿ ಬಾಳೆ ಬೇರೆ ಜಾತಿ ಎಂದು ನನ್ನೊಡನೆ ವಾದಕ್ಕೆ ನಿಂತರು. ನಾನು ನಗುತ್ತಿದ್ದೆ. ಈಗ ಅಷ್ಟು ನಗುವುದಿಲ್ಲ.

ನಾನು ಓದಿದ್ದು ಏಳನೆಯ ತರಗತಿಯವರೆಗೆ, ಅದೂ ಹಿಂದಿಯಲ್ಲಿ. ಕನ್ನಡ ಕಲಿತದ್ದು ಅಪ್ಪನಿಂದ ಮತ್ತು ಯಾತ್ರಿಕರು ರೈಲಿನಲ್ಲಿ ಓದಿ ನಮ್ಮ ಮನೆಯಲ್ಲಿ ಬಿಟ್ಟುಹೋದ ವಾರಪತ್ರಿಕೆಗಳಿಂದ. ಹೀಗಾಗಿ ನನಗೆ ಎಲ್ಲ ಧಾರಾವಾಹಿಗಳ ನಡುವಿನ ಕಂತುಗಳು ಗೊತ್ತು, ಮೊದಲೂ ಗೊತ್ತಿಲ್ಲ, ಕೊನೆಯೂ ಗೊತ್ತಿಲ್ಲ. ಗಣಿತದ್ದೂ ಅದೇ ಕಥೆ. ಬೀಜಗಣಿತದ ಮೊದಲ ದಿನ ಬಹನ್‌ಜಿ ಬೋರ್ಡಿನ ಮೇಲೆ ‘ಮಾನ್ ಲೋ’ ಎಂದು ಬರೆದರು. ಹೀಗಿದೆ ಎಂದುಕೋ ಅಂತ. ಏನಿದೆ ಎಂದುಕೊಳ್ಳಬೇಕೆಂದು ತಿಳಿಯುವ ಮೊದಲೇ ಮನೆಯಿಂದ ಕರೆಯಲು ಬಂದರು. ಅಮ್ಮ ಹೋಗಿದ್ದಳು. ತಂಗಿಗೆ ಆಗ ಎರಡು ವರ್ಷ. ಆಮೇಲೆ ನಾನು ಶಾಲೆಯ ಮೆಟ್ಟಿಲು ಹತ್ತಲಿಲ್ಲ. ನನ್ನ ಜಾತಕಕ್ಕೆ ಹೊಂದುವ ವರನೂ ಇನ್ನೂ ರೈಲು ಹತ್ತಿಲ್ಲ.

ತಂಗಿಯ ಹೆಸರು ಪದ್ಮಿನಿ. ಗಲ್ಲಿಯವರ ಬಾಯಲ್ಲಿ ಪಮ್ಮಿ. ನನ್ನೊಡನೆ ಕನ್ನಡ, ಜಗಳವಾದಾಗ ಹಿಂದಿ. ಹನ್ನೆರಡು ವರ್ಷದವಳಿದ್ದಾಗ ಅಟ್ಟದ ಮೇಲಿನ ಹಳೆಯ ಪಂಚಾಂಗಗಳನ್ನೆಲ್ಲ ಹರಡಿಕೊಂಡು ಕೂತು, ಹತ್ತೊಂಬತ್ತು ವರ್ಷಕ್ಕೊಮ್ಮೆ ತಾರೀಕೂ ತಿಥಿಯೂ ಹೆಚ್ಚುಕಡಿಮೆ ಹಿಂದಿನ ಜಾಗಕ್ಕೇ ಬಂದು ಕೂರುತ್ತವೆಂದು ತಾನೇ ಕಂಡುಹಿಡಿದಳು. ಜ್ಯೋತಿಷಿಗಳಿಗೆ ಅದು ಎಂದೋ ಗೊತ್ತಿದ್ದ ಸಂಗತಿಯಂತೆ. ಅವಳಿಗೆ ಯಾರೂ ಹೇಳಿರಲಿಲ್ಲ ಎಂಬುದು ದೊಡ್ಡದು. ಪಿತೃಪಕ್ಷದಲ್ಲಿ ಶ್ರಾದ್ಧ ಮಾಡುವುದು ತಂದೆ ತೀರಿಕೊಂಡ ತಿಥಿಯಂದು. ಬಂದವರಿಗೆ ನೆನಪಿರುವುದು ಇಂಗ್ಲಿಷ್ ತಾರೀಕು. ಅಪ್ಪ ಪಂಚಾಂಗ ಹುಡುಕಲು ಅಟ್ಟದ ಏಣಿಗೆ ಕೈ ಹಾಕುವಷ್ಟರಲ್ಲಿ ಇವಳು ಸ್ಲೇಟೂ ಇಲ್ಲದೆ, “ನವಮಿ. ತಪ್ಪಿದ್ರೆ ದಶಮಿ” ಎಂದುಬಿಡುತ್ತಿದ್ದಳು. ಅಪ್ಪನ ಮೊಣಕಾಲಿಗೆ ಅವಳ ಗಣಿತದಿಂದ ಆದ ಉಪಕಾರ ಯಾವ ತೈಲದಿಂದಲೂ ಆಗಿಲ್ಲ.

ಹೋದ ವರ್ಷ ಅವಳು ಹನ್ನೊಂದನೆಯ ತರಗತಿಗೆ ಬಂದಾಗ ಗಣಿತದ ಬಹನ್‌ಜಿ ಒಂದು ಫಾರಂ ಕೊಟ್ಟು ಕಳಿಸಿದರು. ಎಲ್ಲರೂ ಓದುವ ಗಣಿತದ ಮೇಲೆ ಇನ್ನೊಂದು ದೊಡ್ಡ ಗಣಿತವಂತೆ. ಬೇಕಾದವರು ಮಾತ್ರ ಕಟ್ಟುವ ಹೆಚ್ಚುವರಿ ಪರೀಕ್ಷೆ, ಅದಕ್ಕೆ ಬೇರೆಯೇ ಸರ್ಟಿಫಿಕೇಟು. ಅದಿದ್ದರೆ ಮುಂದೆ ಅಸ್ಸಿ ಘಾಟಿನ ಆಚೆಗಿನ ವಿಶ್ವವಿದ್ಯಾಲಯದಲ್ಲಿ ಗಣಿತ ಓದಲು ದಾರಿ ಸುಲಭವಾಗುತ್ತದೆ ಎಂದು ಚೀಟಿಯಲ್ಲಿ ಬರೆದಿದ್ದರು. ಪಕ್ಷದ ಗಡಿಬಿಡಿ. ಅಪ್ಪ ಫಾರಮ್ಮನ್ನು ನನ್ನ ಕೈಗಿಟ್ಟು, “ಅವಳನ್ನ ಬೆಳೆಸಿದ್ದು ನೀನು. ಬೇಕೋ ಬೇಡ್ವೋ ನೀನೇ ನೋಡು. ಬೇಕಂದ್ರೆ ತಾ, ರುಜು ಹಾಕ್ತೀನಿ” ಎಂದು ಘಾಟಿಗೆ ಹೋದರು.

ಜಗಲಿಯಲ್ಲಿ ಕೂತು ದರ್ಭೆ ಆರಿಸುತ್ತಿದ್ದ ಚಿಕ್ಕಪ್ಪ, “ಹೆಣ್ಣುಹುಡುಗಿಗೆ ಇರೋ ಗಣಿತವೇ ಹೆಚ್ಚು. ಅದರ ಮೇಲೆ ಹೆಚ್ಚುವರಿ ಬೇರೆ ಕೇಡು!” ಎಂದರು.

ನಾನು ಅವರ ಮಾತು ಕೇಳಿ ಮಾಡಿದೆ ಎಂದು ಬರೆದರೆ ಸುಲಭ. ಸುಳ್ಳು. ಫಾರಮ್ಮಿನ ಕೊನೆಯ ದಿನ ದ್ವಾದಶಿಗೆ ಬಿದ್ದಿತ್ತು. ಪಕ್ಷ ಮುಗಿಯುವುದು ಮಹಾಲಯ ಅಮಾವಾಸ್ಯೆಗೆ, ಅದರ ಮೂರು ದಿನದ ಮೇಲೆ. ಎರಡೂ ನನಗೆ ಚೆನ್ನಾಗಿ ಗೊತ್ತಿದ್ದವು. ಗೊತ್ತಿದ್ದೇ ಪಮ್ಮಿಗೆ ಹೇಳಿದೆ: “ಪಕ್ಷದಲ್ಲಿ ಹೊಸದೇನೂ ಹಿಡೀಬಾರದು ಕಣೇ. ಅಮಾವಾಸ್ಯೆ ಕಳೀಲಿ.” ಫಾರಮ್ಮನ್ನು ಮಡಿಸಿ ಪಂಚಾಂಗದೊಳಗೆ ಇಟ್ಟೆ. ನಮ್ಮಂಥವರ ಮನೆಯಲ್ಲಿ ಮಾತ್ರ ಸಾಧ್ಯವಾದ ಕಳ್ಳತನ ಇದು. ಬೇರೆಯವರು ಕಾಗದವನ್ನು ಹರಿಯುತ್ತಾರೆ, ಒಲೆಗೆ ಹಾಕುತ್ತಾರೆ. ನಾವು ದಿನ ಚೆನ್ನಾಗಿಲ್ಲ ಎನ್ನುತ್ತೇವೆ. ಎದುರಿನವರು ಕೈಮುಗಿದು ಹೊರಡುತ್ತಾರೆ.

ಯಾಕೆ ಹೀಗೆ ಮಾಡಿದೆ? ಅಷ್ಟು ಜನರ ಅಡಿಗೆಗೆ ಅವಳ ಕೈ ಬೇಕಿತ್ತು, ತಿಥಿ ಹೇಳಲು ಅವಳ ತಲೆ ಬೇಕಿತ್ತು, ಇವೆಲ್ಲ ನಿಜ. ಆದರೆ ಇವುಗಳ ಅಡಿಯಲ್ಲಿ ಇನ್ನೊಂದು ನಿಜ ಕೂತಿತ್ತು. ನನಗೆ ಇದ್ದ ಗಣಿತವೇ ಅರ್ಧಕ್ಕೆ ನಿಂತಿತು, ಇವಳಿಗೆ ಮೇಲೊಂದು ಬೇರೆ ಏಕೆ? ಇಷ್ಟೇ. ಎರಡು ವರ್ಷದ ಮಗುವಾಗಿದ್ದಾಗಿನಿಂದ ಎತ್ತಿ ಆಡಿಸಿದ ತಂಗಿಯ ಮೇಲೆ ಹೊಟ್ಟೆಕಿಚ್ಚು.

ದ್ವಾದಶಿ ಕಳೆಯಿತು, ಅಮಾವಾಸ್ಯೆಯೂ ಕಳೆಯಿತು. “ಅಯ್ಯೋ, ದಿನ ಮೀರಿಹೋಯ್ತಲ್ಲೇ!” ಎಂದು ನಾನು ಕೆನ್ನೆಯ ಮೇಲೆ ಕೈಯಿಟ್ಟುಕೊಂಡೆ. ಪಮ್ಮಿ ಫಾರಮ್ಮನ್ನು ತೆಗೆದುಕೊಂಡು, ಅದರ ಹಿಂದಿನ ಖಾಲಿ ಬದಿಯಲ್ಲಿ ಏನೋ ಲೆಕ್ಕ ಮಾಡುತ್ತ ಹೋದಳು. ಚಿಕ್ಕಪ್ಪ ಸಂಜೆ ನನ್ನನ್ನು ಮನೆ ನಡೆಸುವ ಹೆಣ್ಣೆಂದರೆ ಹೀಗಿರಬೇಕು ಎಂದು ಹೊಗಳಿದರು. ಶಿಕ್ಷೆಯಲ್ಲಿ ಅನೇಕ ಬಗೆಗಳಿವೆ. ತಪ್ಪು ಜನರಿಂದ ಬರುವ ಹೊಗಳಿಕೆಗೆ ಅವುಗಳಲ್ಲಿ ಒಳ್ಳೆಯ ಸ್ಥಾನವಿದೆ.

ಚಳಿಗಾಲದ ಒಂದು ಮಧ್ಯಾಹ್ನ ಮಾಳಿಗೆಯ ಬಿಸಿಲಲ್ಲಿ ಬಟಾಣಿ ಸುಲಿಯುತ್ತ ಕೂತಿದ್ದೆವು. ಪಮ್ಮಿ ತಲೆ ಎತ್ತದೆ ಹೇಳಿದಳು: “ದ್ವಾದಶಿ ಅಂತ ನನಗೆ ಗೊತ್ತಿತ್ತು ಅಕ್ಕ.”

“ಮತ್ತೆ ಬಾಯಿ ಬಿಡಬಾರ್ದಿತ್ತಾ?”

“ನಿನಗೂ ಗೊತ್ತಿದೆ ಅಂತ ಗೊತ್ತಿತ್ತಲ್ಲ. ನೀನೇ ತೆಗೆದು ಕೊಡ್ತೀಯಾ ಅಂತ ಕಾದೆ.” ಒಂದು ಕಾಳು ಬಾಯಿಗೆ ಹಾಕಿಕೊಂಡಳು. “ಅದೊಂದೇ ಲೆಕ್ಕ ತಪ್ಪಾಯ್ತು.”

ಬೈದಿದ್ದರೆ ನಾನು ತಿರುಗಿ ಬೈಯುತ್ತಿದ್ದೆ. ಅದರಲ್ಲಿ ನನಗೆ ಸರ್ಟಿಫಿಕೇಟು ಇಲ್ಲದಿದ್ದರೂ ಪರಿಣತಿ ಇದೆ. ಅವಳು ಬೈಯಲಿಲ್ಲ.

ಈ ವರ್ಷ ಫಾರಂ ಮತ್ತೆ ಬಂತು. ಇದೇ ಕೊನೆಯ ಅವಕಾಶ, ಎರಡು ವರ್ಷದ ಪಾಠ ಒಂದೇ ವರ್ಷದಲ್ಲಿ ಮುಗಿಸಬೇಕು ಎಂದು ಬಹನ್‌ಜಿ ಬರೆದಿದ್ದರು. ಪಮ್ಮಿ ಅದನ್ನು ಯಾರ ಕೈಗೂ ಕೊಡಲಿಲ್ಲ. ಅಡಿಗೆಮನೆಯಲ್ಲಿ ಕ್ಯಾಲೆಂಡರಿನ ಮೊಳೆಗೆ, ಸರಿಯಾಗಿ ನನ್ನ ಕಣ್ಣಿನ ಎತ್ತರಕ್ಕೆ ಚುಚ್ಚಿಟ್ಟಳು. ಕೊನೆಯ ದಿನ ಈ ಸಲವೂ ಪಕ್ಷದ ಒಳಗೇ, ತ್ರಯೋದಶಿಗೆ. ದಿನಾ ಒಗ್ಗರಣೆ ಹಾಕುವಾಗ ಅದು ನನ್ನನ್ನು ನೋಡುತ್ತಿತ್ತು.

ತ್ರಯೋದಶಿಯ ಬೆಳಿಗ್ಗೆ ಪಾಯಸದ ಸೌಟನ್ನು ಅವಳ ಕೈಗೆ ಕೊಟ್ಟೆ. “ತಳ ಹಿಡಿಸಬೇಡ” ಎಂದು ಫಾರಂ ಕಿತ್ತುಕೊಂಡು ಮಡಿಸೀರೆಯಲ್ಲೇ ಘಾಟಿಗೆ ಇಳಿದೆ. ಅಪ್ಪ ದಾವಣಗೆರೆಯ ಯಜಮಾನರೊಬ್ಬರಿಗೆ ತರ್ಪಣ ಬಿಡಿಸುತ್ತಿದ್ದರು. ಚಿಕ್ಕಪ್ಪ ಪಕ್ಕದಲ್ಲಿ ಎಳ್ಳು ನೀಡುತ್ತಿದ್ದರು.

“ಅಪ್ಪಾ, ಇಲ್ಲೊಂದು ರುಜು ಬೇಕು.”

“ಪಕ್ಷದಲ್ಲಾ?” ಚಿಕ್ಕಪ್ಪನ ಧ್ವನಿ ಮೂರು ಮೆಟ್ಟಿಲು ಮೇಲಕ್ಕೆ ಕೇಳಿಸಿತು. “ಹೋದ್ವರ್ಷ ನೀನೇ ಅಂದಿದ್ದಲ್ಲೇ ಜಯಾ, ಅಮಾವಾಸ್ಯೆ ಕಳೀಲಿ ಅಂತ!”

“ಅಂದಿದ್ದೆ. ಬೇಕಂತಲೇ ಅಂದಿದ್ದೆ ಚಿಕ್ಕಪ್ಪ. ಅವಳು ಓದಬಾರದು ಅಂತ ಪಿತೃಗಳ ಹೆಸರಲ್ಲಿ ಸುಳ್ಳು ಹೇಳ್ದೆ. ಇವತ್ತು ಅವರ ಎದುರಿಗೇ ಹೇಳ್ತಾ ಇದೀನಿ, ಅವಳು ಪರೀಕ್ಷೆ ಕಟ್ತಾಳೆ.”

ಅಪ್ಪ ನನ್ನ ಮುಖವನ್ನೇ ನೋಡಿದರು. ಆಮೇಲೆ ಬೆರಳಿನ ದರ್ಭೆಯ ಪವಿತ್ರವನ್ನು ತೆಗೆದಿಟ್ಟರು. “ಪಿತೃಗಳಿಗೆ ಕಾದು ಅಭ್ಯಾಸ ಇದೆ. ಶಾಲೆ ಗುಮಾಸ್ತನಿಗೆ ಇಲ್ಲ. ಕೊಡು ಇಲ್ಲಿ.”

ಯಜಮಾನರ ಹೆಂಡತಿ ಕೈಚೀಲದಿಂದ ಪೆನ್ನು ತೆಗೆದುಕೊಟ್ಟರು. ಒದ್ದೆ ಕೈಯ ರುಜು, ಅದರ ಪಕ್ಕ ಅಂಟಿಕೊಂಡ ಒಂದು ಎಳ್ಳು. ಅಷ್ಟು ಹೊತ್ತೂ ನೀರಲ್ಲಿ ನಿಂತ ಯಜಮಾನರು ನಡುಗುತ್ತ, “ಯಾವ ಪರೀಕ್ಷೆ ತಾಯಿ?” ಎಂದರು. ಗಣಿತ ಎಂದೆ. “ಹಾಗಾದ್ರೆ ನಿಂತ್ಕೋತೀನಿ ಬಿಡಿ” ಎಂದರು.

ಗೋದೌಲಿಯಾದಲ್ಲಿ ರಿಕ್ಷಾ ಹತ್ತಿ ಶಾಲೆಗೆ ಹೋದೆ. ಗುಮಾಸ್ತ ಎಳ್ಳನ್ನು ಉಗುರಿನಿಂದ ಚಿಮ್ಮಿ, “ಯೇ ಕ್ಯಾ ಹೈ?” ಎಂದ. “ತಿಲ್ ಹೈ, ಮೊಹರ್ ಲಗಾಯಿಯೇ” ಎಂದೆ. ಠಸ್ಸೆ ಹಾಕಿದ. ಮನೆಗೆ ಬಂದರೆ ಪಾಯಸ ತಳ ಹಿಡಿದಿತ್ತು. ಪಮ್ಮಿ ಸೌಟು ಹಿಡಿದು ಗೋಡೆಯ ಮೇಲಿನ ಖಾಲಿ ಮೊಳೆಯನ್ನು ನೋಡುತ್ತ ನಿಂತಿದ್ದಳು.

ಅವಳು ಪಾಸಾಗುವಳೋ ಇಲ್ಲವೋ ನನಗೆ ಗೊತ್ತಿಲ್ಲ. ಫೇಲಾದರೆ ಆಗಲಿ, ಬರೆದು ಫೇಲಾಗಲಿ. ಮಡಿಯಲ್ಲಿ ಬೀದಿಗಿಳಿದೆನೆಂದು ಚಿಕ್ಕಪ್ಪ ನನ್ನೊಡನೆ ಮಾತು ಬಿಟ್ಟಿದ್ದಾರೆ, ಅದೂ ಲಾಭವೇ. ಇಪ್ಪತ್ತೇಳು ವರ್ಷ ಕಾಶಿಯಲ್ಲಿದ್ದು ಏನನ್ನೂ ಬಿಡದ ನಾನು ಈಗ ಒಂದನ್ನು ಬಿಟ್ಟಿದ್ದೇನೆ. ದಿನ ಚೆನ್ನಾಗಿಲ್ಲ ಎನ್ನುವ ಮಾತು. ನನಗೆ ಅದು ನಿಜವಾಗಿಯೂ ಬಹಳ ಪ್ರಿಯವಾಗಿತ್ತು. ಹಾಗಲಕಾಯಿಯನ್ನು ಮಾತ್ರ ಬಿಡುವುದಿಲ್ಲ. ನಾಳೆ ಅದರದೇ ಗೊಜ್ಜು.