ಆಲ್ಬಮ್ ಅಣ್ಣನ ಹೆಬ್ಬೆರಳು

ಆ ಫೋಟೋ ಸ್ಟುಡಿಯೋಗೆ ಬರುವವರೆಲ್ಲ ಅವರನ್ನು ಆಲ್ಬಮ್ ಅಣ್ಣ ಎಂದೇ ಕರೆಯುತ್ತಿದ್ದರು. ಸ್ಟುಡಿಯೋ ಅವರದಲ್ಲ, ಹೆಂಡತಿಯ ತಮ್ಮನದು. ಫೋಟೋ ತೆಗೆಯುವವನು ಭಾವಮೈದುನ. ಆ ಫೋಟೋಗಳನ್ನು ಕಂಪ್ಯೂಟರಿನಲ್ಲಿ ತಿದ್ದಿ, ಒಪ್ಪ ಮಾಡಿ, ಆಲ್ಬಮ್ಮಿನ ಪುಟಗಳಲ್ಲಿ ಕೂರಿಸುವವರು ಇವರು. ಹಿಂದೆ ನೆಗೆಟಿವ್‌ಗಳ ಮೇಲೆ ಚೂಪು ಪೆನ್ಸಿಲ್ ಆಡಿಸಿ ಮುಖದ ಕಲೆ ಮರೆಸುತ್ತಿದ್ದ ಕೈ ಅದು. ಕಂಪ್ಯೂಟರ್ ಬಂದಾಗ ಓರಗೆಯವರು ಒಬ್ಬೊಬ್ಬರೇ ಬೇರೆ ದಾರಿ ಹಿಡಿದರು. ಇವರು ಮಾತ್ರ ಮೌಸ್ ಹಿಡಿದು ಕುಳಿತು ಕಲಿತರು. ಗಾಳಿಗೆ ಹಾರಿದ ಕೂದಲೆಳೆಯನ್ನೂ ಬಿಡದೆ ತಲೆಯ ಸುತ್ತ ಗೆರೆ ಎಳೆದು, ಹಿಂದಿನ ಬಣ್ಣಗೆಟ್ಟ ಗೋಡೆಯನ್ನು ಕಿತ್ತು ಅಲ್ಲಿ ಆಕಾಶ ಇಡುವುದರಲ್ಲಿ ಅವರಿಗೆ ಅವರೇ ಸಾಟಿ.

"ನಮ್ಮ ಭಾವನ ಕೈಗೆ ಸಿಕ್ಕರೆ ಕಾಗೆನೂ ಹಂಸ ಆಗತ್ತೆ" ಎಂದು ಭಾವಮೈದುನ ಗಿರಾಕಿಗಳ ಮುಂದೆ ಹೇಳುತ್ತಿದ್ದ. ಗಿರಾಕಿಗಳು ನಗಬೇಕೋ ಸಿಟ್ಟಾಗಬೇಕೋ ತಿಳಿಯದೆ ಮುಂಗಡ ಕೊಟ್ಟು ಹೋಗುತ್ತಿದ್ದರು.

ಈಚೆಗೆ ಪುಟಗಳು ತಡವಾಗತೊಡಗಿದ್ದವು. ಯಾಕೆಂದು ಕೇಳಿದರೆ ಅಣ್ಣ ಕಂಪ್ಯೂಟರಿನತ್ತ ಬೆರಳು ತೋರಿಸುತ್ತಿದ್ದರು. ಪೆಟ್ಟಿಗೆ ಬೇರೆ, ಪರದೆ ಬೇರೆ ಅಲ್ಲ. ಎಲ್ಲವೂ ಪರದೆಯ ಬೆನ್ನಿನಲ್ಲೇ ಅಡಗಿರುವಂಥ ಕಂಪ್ಯೂಟರ್ ಅದು. ಪುಟ ದೊಡ್ಡದಾದರೆ ಏದುಸಿರು ಬಿಡುತ್ತಿತ್ತು. ನಡುವೆ ಬಣ್ಣದ ಚಕ್ರವೊಂದು ಗಿರಗಿರ ತಿರುಗುತ್ತ ನಿಂತುಬಿಡುತ್ತಿತ್ತು.

ಅಣ್ಣ ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ ಮಾತು. ಉಳಿದರ್ಧ ಅವರ ಬಲಗೈಯಲ್ಲಿತ್ತು. ಹೆಬ್ಬೆರಳಿಗೂ ಅದರ ಪಕ್ಕದ ಎರಡು ಬೆರಳಿಗೂ ಮೊದಮೊದಲು ಇರುವೆ ಹರಿದಂತಾಗುತ್ತಿತ್ತು. ಬರಬರುತ್ತ ಅದೂ ಹೋಯಿತು. ಮೌಸ್ ಹಿಡಿದಿದ್ದೇನೆಯೇ ಇಲ್ಲವೇ ಎಂದು ಕಣ್ಣಿನಿಂದ ನೋಡಿ ತಿಳಿದುಕೊಳ್ಳಬೇಕು. ಒಂದು ತಲೆಯ ಸುತ್ತ ಗೆರೆ ಎಳೆಯಲು ಮೂರು ಸಲ ಅಳಿಸಿ ಬರೆಯಬೇಕು. ಚಕ್ರ ತಿರುಗತೊಡಗಿದಾಗ ಅವರು ಕೈಯನ್ನು ಮೇಜಿನ ಕೆಳಗೆ ತಂದು, ತೊಡೆಗಳ ನಡುವೆ ಇಟ್ಟು ಉಜ್ಜಿಕೊಳ್ಳುತ್ತಿದ್ದರು. ಬೇರೆಯವರಿಗೆ ಪೀಡೆಯಾದ ಆ ಚಕ್ರ ಅವರ ಪಾಲಿಗೆ ಕೈ ಮುಚ್ಚಿಡುವ ಮರೆಯಾಗಿ ಒದಗಿತ್ತು.

ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ. ಕೈ ಇರುವತನಕ ಭಾವ, ಕೈ ಹೋದರೆ ಹಂಗಿನ ಕೂಳು ಎಂಬ ಮಾತು ಅವರೊಳಗೆ ಕುಳಿತುಬಿಟ್ಟಿತ್ತು. ಆ ಮಾತನ್ನು ಯಾರೂ ಆಡಿರಲಿಲ್ಲ. ಅವರೇ ಹುಟ್ಟಿಸಿ ಅವರೇ ಸಾಕಿದ್ದರು.

ಒಂದು ಮಧ್ಯಾಹ್ನ ಭಾವಮೈದುನ ಎರಡು ಪುಟ್ಟ ಪೊಟ್ಟಣಗಳನ್ನು ತಂದು ಮೇಜಿನ ಮೇಲಿಟ್ಟ.

"ಭಾವ, ಇನ್ಮೇಲೆ ನಿಮಗೆ ನೆಪ ಇಲ್ಲ ನೋಡಿ! ರ‍್ಯಾಮ್ ತಂದಿದೀನಿ. ಹಾಕಿದ್ರೆ ಕುದುರೆ ಥರ ಓಡತ್ತಂತೆ."

ಅಣ್ಣ ಬಲಗೈಯನ್ನು ಮೇಜಿನ ಕೆಳಗೆ ಎಳೆದುಕೊಂಡರು. "ಇದಕ್ಕೆ ಮುಂದಿನ ಗಾಜು ಬಿಚ್ಚಬೇಕಲ್ಲೋ. ಒಡೆದರೆ ಇಡೀ ಯಂತ್ರನೇ ಹೋಗತ್ತೆ."

"ಬೇಡ್ವಂತೆ. ಇದರ ಬೆನ್ನಲ್ಲಿ ಒಂದು ಕಿಟಕಿ ಇದೆಯಂತೆ. ಪಾರ್ಟ್ಸ್ ಅಕ್ಕ ಎಲ್ಲಾ ಹೇಳ್ಕೊಟ್ಟಳು. ನೀವೇ ಹಾಕಿ ಭಾವ. ನಿಮ್ಮ ಕೈ ಅಂದ್ರೆ ನನಗೆ ಧೈರ್ಯ."

ಪಾರ್ಟ್ಸ್ ಅಕ್ಕ ಎಂದರೆ ಬೀದಿಯ ಆ ತುದಿಯಲ್ಲಿ ಕಂಪ್ಯೂಟರ್ ಬಿಡಿಭಾಗ ಮಾರುವಾಕೆ. ಒಬ್ಬಳೇ ಅಂಗಡಿ ನಡೆಸುತ್ತಿದ್ದಳು. ಗಿರಾಕಿಗಳೆಂದರೆ ಬೀದಿಯ ಸ್ಟುಡಿಯೋದವರು, ಜೆರಾಕ್ಸಿನವರು, ಅಷ್ಟೇ.

ಬೇರೆ ದಾರಿ ಇರಲಿಲ್ಲ. ಟವೆಲ್ ಹಾಸಿ ಕಂಪ್ಯೂಟರನ್ನು ಬೋರಲು ಮಲಗಿಸಿದರು. ಕರೆಂಟಿನ ವೈರು ಕಿತ್ತರೆ, ಅದು ಕೂರುವ ಗೂಡಿನೊಳಗೇ ಒಂದು ಬಟನ್. ಒತ್ತಿದಾಗ ಕಿಟಕಿಯ ಮುಚ್ಚಳ ಬಿಟ್ಟುಕೊಂಡಿತು. ಒಳಗೆ ನಾಲ್ಕು ಸೀಳು, ಎರಡರಲ್ಲಿ ಹಳೆಯ ರ‍್ಯಾಮ್, ಎರಡು ಖಾಲಿ. ಹೊಸ ರ‍್ಯಾಮಿನ ಬೆರಳುದ್ದದ ಹಸಿರು ಪಟ್ಟಿಯನ್ನು ಖಾಲಿ ಸೀಳಿಗಿಟ್ಟು ಹೆಬ್ಬೆರಳಿನಿಂದ ಒತ್ತಿದರು. ಟಕ್ ಎನ್ನಬೇಕಿತ್ತು, ಎನ್ನಲಿಲ್ಲ. ಮತ್ತೆ ಒತ್ತಿದರು. ಎಷ್ಟು ಬಲ ಬೀಳುತ್ತಿದೆ ಎಂಬುದೇ ಅವರಿಗೆ ತಿಳಿಯುತ್ತಿರಲಿಲ್ಲ. ಎರಡನೆಯದೂ ಹಾಗೆಯೇ. ಬಗ್ಗಿ ನೋಡಿದರು. ಎರಡೂ ಪಟ್ಟಿಗಳು ಹಳೆಯವಕ್ಕಿಂತ ಅಕ್ಕಿಕಾಳಿನಷ್ಟು ಮೇಲೆ ನಿಂತಿದ್ದವು.

ಕಂಡೂ ಕಾಣದವರಂತೆ ಮುಚ್ಚಳ ಹಾಕಿದರು. ದೇವರೇ, ಇದು ಕೆಲಸ ಮಾಡದಿರಲಿ ಎಂದುಕೊಂಡರು. ದಿನವೂ ಬಾಗಿಲು ತೆಗೆಯುವಾಗ ನೆನೆಯುವ ದೇವರಲ್ಲಿ ಇಂಥದ್ದನ್ನು ಕೇಳಿದೆನಲ್ಲ ಎಂದು ಆ ಗಳಿಗೆಯಲ್ಲೇ ನಾಚಿಕೆಯಾಯಿತು. ಆದರೂ ಕೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ವೈರು ಚುಚ್ಚಿ ಸ್ವಿಚ್ ಒತ್ತಿದಾಗ ಕಂಪ್ಯೂಟರ್ ಮೂರು ಸಲ ಬೀಪ್ ಎಂದಿತು. ಪರದೆ ಕಪ್ಪಾಗಿಯೇ ಉಳಿಯಿತು. ಹೊಸ ಪಟ್ಟಿಗಳನ್ನು ತೆಗೆದಾಗ ಎಂದಿನಂತೆ ತೆವಳುತ್ತ ಎದ್ದಿತು.

"ಕೆಟ್ಟ ಮಾಲು ಕೊಟ್ಟಿದಾಳೆ!" ಭಾವಮೈದುನ ಫೋನಿನಲ್ಲೇ ಕೂಗಾಡಿದ. ಪಾರ್ಟ್ಸ್ ಅಕ್ಕ ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಓಡೋಡಿ ಬಂದಳು.

"ನಾನು ಹಾಕಿ ನೋಡಿಯೇ ಕೊಟ್ಟಿದ್ದು ಅಣ್ಣಾ. ಪರೀಕ್ಷೆ ಮಾಡದೆ ಒಂದು ವೈರು ಕೂಡ ಕೊಡಲ್ಲ ನಾನು. ಸರಿಯಾಗಿ ಒತ್ತಿದ್ರಾ? ಟಕ್ ಅಂತಾ?"

ಅವಳು ಕೇಳಿದ್ದು ಆಲ್ಬಮ್ ಅಣ್ಣನನ್ನು. ಉತ್ತರ ಕೊಟ್ಟವನು ಭಾವಮೈದುನ. "ಕೂದಲೆಳೆ ಬಿಡಿಸೋ ಕೈಯಮ್ಮಾ ಅದು! ಅದಕ್ಕೆ ಒತ್ತೋದು ಹೇಳ್ಕೊಡ್ತೀಯಾ?"

"ಇನ್ನೊಂದ್ಸಲ ನಾನು ಹಾಕಿ ನೋಡ್ಲಾ?"

"ಬೇಡ. ಮತ್ತೆ ಬಿಚ್ಚಿ ಇರೋದೂ ಹೋದ್ರೆ? ಎತ್ಕೊಂಡು ಹೋಗು. ಈ ಬೀದೀಲಿ ನಿನ್ನ ಹತ್ರ ಯಾರು ಕೊಳ್ತಾರೋ ನಾನೂ ನೋಡ್ತೀನಿ."

ಆಕೆ ಜಗಳಕ್ಕೆ ನಿಲ್ಲಲಿಲ್ಲ. ಪಟ್ಟಿಗಳನ್ನು ಸೆರಗಿನಲ್ಲಿ ಒರೆಸಿ ಪೊಟ್ಟಣದೊಳಗೆ ಇಡತೊಡಗಿದಳು. ಅಣ್ಣ ಅದನ್ನೇ ನೋಡುತ್ತಿದ್ದರು. ಸುಮ್ಮನಿದ್ದರೆ ಸಾಕು, ಎಲ್ಲ ಮೊದಲಿನಂತೆ ನಡೆಯುತ್ತದೆ. ಕೇಳಿಕೊಂಡದ್ದು ಕೈಗೂಡಿತ್ತು. ಆದರೆ ಅದು ಕೈಗೂಡಿದ್ದು ಈಕೆಯ ಮರ್ಯಾದೆ ಕಳೆದು.

"ತಾಯೀ, ನಿಲ್ಲು" ಎಂದರು. "ಟಕ್ ಅನ್ಲಿಲ್ಲ."

"ಅಂದ್ರೆ?" ಭಾವಮೈದುನ ತಿರುಗಿದ.

"ಸರಿಯಾಗಿ ಕೂತಿಲ್ಲ ಅಂತ ನನಗೆ ಆಗ್ಲೇ ಗೊತ್ತಿತ್ತು ಕಣೋ. ನನ್ನ ಹೆಬ್ಬೆರಳಲ್ಲಿ ಬಲ ಇಲ್ಲ. ಮುಟ್ಟಿದ್ದೂ ತಿಳಿಯಲ್ಲ. ಅವಳ ಮಾಲು ಕೆಟ್ಟಿಲ್ಲ."

ಪಾರ್ಟ್ಸ್ ಅಕ್ಕ ಇಬ್ಬರ ಮುಖವನ್ನೂ ನೋಡಿ, ತಾನೇ ಟವೆಲ್ ಹಾಸಿ, ವೈರು ಕಿತ್ತು, ಕಿಟಕಿ ತೆರೆದಳು. ಟಕ್. ಇನ್ನೊಂದು ಟಕ್. ಕಂಪ್ಯೂಟರ್ ಎದ್ದಿತು. ತಿಣುಕುತ್ತಿದ್ದ ಆಲ್ಬಮ್ಮಿನ ಪುಟ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಪರದೆಯ ತುಂಬ ಹರಡಿತು. ಆಕೆ ಗೆದ್ದವಳಂತೆ ನಗಲಿಲ್ಲ. "ಕೈ ನೋಡ್ಕೊಳ್ಳಿ ಅಣ್ಣಾ" ಎಂದಷ್ಟೇ ಹೇಳಿ ಹೋದಳು.

"ಎಷ್ಟು ದಿನದಿಂದ ಭಾವ?"

"ಬಹಳ ದಿನ ಆಯ್ತು."

"ನಮ್ಮಕ್ಕನಿಗೆ ಗೊತ್ತಾ?"

ಅಣ್ಣ ತಲೆಯಾಡಿಸಿದರು, ಇಲ್ಲವೆಂದು. ಭಾವಮೈದುನ ಪರದೆಯನ್ನೇ ನೋಡುತ್ತ ನಿಂತ. ಅಲ್ಲಿ ಒಬ್ಬ ಮದುಮಗಳ ತಲೆಯ ಸುತ್ತ ಗೆರೆ ಅರ್ಧಕ್ಕೆ ನಿಂತಿತ್ತು, ಡೊಂಕುಡೊಂಕಾಗಿ. ಅದನ್ನು ಅವನು ಇಷ್ಟು ಹತ್ತಿರದಿಂದ ನೋಡಿದ್ದು ಈಗಲೇ.

"ಇವತ್ತು ಮನೆಗೆ ಹೋಗಿ" ಎಂದ.

"ನಾಳೆ?"

"ನಾಳೆ ನೋಡೋಣ."

ಸಂಜೆ ಅಣ್ಣ ಬೇಗ ಮನೆಗೆ ಬಂದದ್ದು ಕಂಡೇ ಹೆಂಡತಿಗೆ ಏನೋ ನಡೆದಿದೆ ಎನ್ನಿಸಿತು. ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಅವರು ಎಲ್ಲವನ್ನೂ ಹೇಳಿದರು, ದೇವರಲ್ಲಿ ಕೇಳಿಕೊಂಡದ್ದನ್ನೂ ಬಿಡದೆ. ಆಕೆ ಒಲೆ ಆರಿಸಿ ಕೇಳಿದಳು.

"ನಾಳೆ ನೋಡೋಣ ಅಂದ ನಿನ್ನ ತಮ್ಮ. ಅಂದ್ರೆ ಏನು ಅರ್ಥ?"

"ಅವನು ಚಿಕ್ಕಂದಿನಿಂದ್ಲೂ ಹಾಗೇ. ಕೊಡೋ ಮನಸ್ಸಿದ್ರೂ ನೋಡೋಣ, ಇಲ್ಲದಿದ್ರೂ ನೋಡೋಣ. ನನಗೇ ತಿಳಿಯಲ್ಲ." ಆಕೆ ಸೆರಗಿಗೆ ಕೈ ಒರೆಸಿಕೊಂಡು ಹತ್ತಿರ ಕುಳಿತಳು. "ಅವನು ನೋಡ್ಲಿ ಬಿಡಲಿ, ಬೆಳಿಗ್ಗೆ ಡಾಕ್ಟರ್ ನೋಡ್ಬೇಕು. ನನಗೊಂದು ಮಾತು ಹೇಳ್ಬಾರ್ದಿತ್ತಾ ನೀವು? ಕೊಡಿ ಇಲ್ಲಿ ಕೈ."

ಹೆಬ್ಬೆರಳಿನ ತುದಿಯನ್ನು ಉಗುರಿನಿಂದ ಒತ್ತಿದಳು. "ಇಲ್ಲಿ ತಿಳಿಯತ್ತಾ?"

"ಇಲ್ಲ."

"ಇಲ್ಲಿ?"

"ಉಹುಂ."

ಬೆರಳಿನ ಬುಡಕ್ಕೆ ಬಂದಳು. ಅಲ್ಲಿಯೂ ಅಣ್ಣ ಸುಮ್ಮನೆ ಅವಳ ಮುಖ ನೋಡಿದರು. ಅವಳು ತಲೆ ಎತ್ತಲಿಲ್ಲ. ಅಂಗೈ ದಾಟಿ, ಒಂದಿಷ್ಟು ಒಂದಿಷ್ಟೇ ಮೇಲಕ್ಕೆ ಒತ್ತುತ್ತ ಹೋಗಿ, ಮಣಿಕಟ್ಟಿನ ಗೆರೆಯ ಹತ್ತಿರ ನಿಂತಳು.

"ಇಲ್ಲಿ?"

"ಹೂಂ" ಎಂದರು ಅಣ್ಣ. "ಅಲ್ಲಿ ತಿಳಿಯತ್ತೆ."